ಅಪ್ಪ ಕೊಟ್ಟ ಅರ್ಧ ಕಿಲೋ

ನನಗೆ ಹತ್ತು ತುಂಬಿದ ದಿನ ಅಪ್ಪ ಕೊಟ್ಟ ಉಡುಗೊರೆ ಅರ್ಧ ಕಿಲೋ ತೂಕದ ಕಲ್ಲು. ಕಲ್ಲು ಎನ್ನುವುದು ಹೆಸರಿಗೆ ಮಾತ್ರ, ಅದು ಹಿತ್ತಾಳೆಯದು. ಹಳದಿ ಬಟ್ಟೆಯಲ್ಲಿ ಸುತ್ತಿ, ಎರಡೂ ಕೈಯಲ್ಲಿ ಹಿಡಿದು ಪ್ರಸಾದ ಕೊಡುವವರ ಹಾಗೆ ಕೊಟ್ಟರು. ನಾನು ಬಿಚ್ಚಿ ನೋಡಿ ಅತ್ತುಬಿಟ್ಟೆ. ಕ್ಲಾಸಿನಲ್ಲಿ ಒಬ್ಬಳಿಗೆ ಹುಟ್ಟುಹಬ್ಬಕ್ಕೆ ವಾಚು ಬಂದಿತ್ತು, ಇನ್ನೊಬ್ಬಳಿಗೆ ಸೈಕಲ್ಲು. ನಾಳೆ ಹೋಗಿ ನಾನು ಏನಂತ ಹೇಳಲಿ? ಅಮ್ಮನೂ ನನ್ನ ಪರವೇ ನಿಂತಳು. ಹೆಣ್ಣುಮಗುವಿಗೆ ಕೊಡುವ ವಸ್ತುವಾ ಇದು ಎಂದು ಅಪ್ಪನನ್ನು ತರಾಟೆಗೆ ತೆಗೆದುಕೊಂಡಳು. ಅಪ್ಪ ಮಾತ್ರ ಬಟ್ಟೆಯನ್ನು ಮತ್ತೆ ಮಡಿಚುತ್ತ, ಬರಿಗೈಯಲ್ಲಿ ಮುಟ್ಟಬಾರದು, ಬೆವರು ತಾಗಿದರೆ ಹಿತ್ತಾಳೆ ಕೆಡುತ್ತದೆ, ಕೆಟ್ಟರೆ ತೂಕ ಸುಳ್ಳಾಗುತ್ತದೆ ಎಂದು ನನಗೆ ಪಾಠ ಶುರುಮಾಡಿದ್ದರು.

ಅಪ್ಪ ತಕ್ಕಡಿ ರಿಪೇರಿ ಮಾಡುವವರು. ಶಿವಾಜಿನಗರದಲ್ಲಿ, ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯೊಂದರಲ್ಲಿ ಅವರ ಅಂಗಡಿ. ಇಬ್ಬರು ಒಳಗೆ ನಿಂತರೆ ಮೂರನೆಯವರು ಹೊರಗೆ ಕಾಯಬೇಕು, ಅಷ್ಟೇ ಜಾಗ. ಮಾಂಸದಂಗಡಿಯವರು, ಹಣ್ಣಿನವರು, ಹೂವಿನವರು, ಎಲ್ಲರ ತಕ್ಕಡಿಯೂ ಎಂದಾದರೊಂದು ದಿನ ಅಪ್ಪನ ಬೆಂಚಿನ ಮೇಲೆ ಬಂದು ಕೂರುತ್ತಿತ್ತು. ಬಂದವರೊಂದಿಗೆ ಅಪ್ಪ ಅರ್ಧ ದಖ್ಖನಿಯಲ್ಲಿ, ಅರ್ಧ ತಮಿಳಿನಲ್ಲಿ ಮಾತಾಡುತ್ತಿದ್ದರು. ತಮಗೆ ತಾವೇ ಗೊಣಗಿಕೊಳ್ಳುವಾಗ ಮಾತ್ರ ಕೆ.ಆರ್. ಪುರದಾಚೆಯ ತಮ್ಮ ಹಳ್ಳಿಯ ಕನ್ನಡ. ಯಾವ ಭಾಷೆಯಲ್ಲಾದರೂ ದನಿ ಒಂದೇ, ತೀರಾ ಮೆಲ್ಲಗೆ. ಎದುರಿಗಿದ್ದವರು ಕಿವಿ ಮುಂದೆ ಮಾಡಿ ಕೇಳಬೇಕು. ಅಪ್ಪ ಜೋರಾಗಿ ಮಾತಾಡಿದ್ದನ್ನು ನಾನು ಜೀವನದಲ್ಲಿ ಕೇಳಿದ್ದು ಒಂದೇ ಸಲ. ಅದನ್ನೇ ಹೇಳಲು ಹೊರಟಿದ್ದೇನೆ.

ಅಪ್ಪ ಓದಿದ್ದು ಏಳನೇ ಕ್ಲಾಸಿನವರೆಗೆ. ನನ್ನದು ಇಂಗ್ಲಿಷ್ ಮೀಡಿಯಂ ಶಾಲೆ. ಹೋಂವರ್ಕಿಗೆ ಕೂರಿಸಿಕೊಂಡರೆ ಪುಸ್ತಕ ತಿರುವಿ, ಚಿತ್ರ ನೋಡಿ, ವಾಪಸ್ ಕೊಟ್ಟುಬಿಡುತ್ತಿದ್ದರು. ಅಮ್ಮ ಟ್ಯೂಷನ್ ಅಂದಾಗ ಅಪ್ಪ ಬೇಡ ಅನ್ನಲಿಲ್ಲ. ಆದರೆ ಶನಿವಾರ ಮಧ್ಯಾಹ್ನ ಮಾತ್ರ ಯಾರಿಗೂ ಬಿಟ್ಟುಕೊಡಲಿಲ್ಲ. ಅರ್ಧ ದಿನದ ಶಾಲೆ ಮುಗಿದ ಮೇಲೆ ಹಲಸೂರಿನಿಂದ ಬಸ್ಸು ಹಿಡಿದು ನಾನು ಅಂಗಡಿಗೆ ಹೋಗಬೇಕು. ಯೂನಿಫಾರ್ಮಿನಲ್ಲೇ ಎತ್ತರದ ಸ್ಟೂಲಿನ ಮೇಲೆ ಕೂತು, ಕಾಲು ಅಲ್ಲಾಡಿಸುತ್ತ ಅಪ್ಪನ ಕೆಲಸ ನೋಡಬೇಕು. ಅಮ್ಮ ಕೇಳಿದರೆ, ಸ್ಕೂಲಲ್ಲಿ ಏನು ಹೇಳಿಕೊಡುತ್ತಾರೋ ಹೇಳಿಕೊಡಲಿ, ಉಳಿದದ್ದು ನನ್ನ ಪಾಲು ಎನ್ನುತ್ತಿದ್ದರು. ಉಳಿದದ್ದು ಅಂದರೆ ಏನು ಎಂದು ಅಮ್ಮನೂ ಕೇಳಲಿಲ್ಲ, ಅಪ್ಪನೂ ಬಿಡಿಸಿ ಹೇಳಲಿಲ್ಲ.

ಅದು ಮಾರ್ಕೆಟ್ಟಿನವರೆಲ್ಲ ತೂಗುತಕ್ಕಡಿ ಬಿಟ್ಟು ಕೆಂಪು ಅಂಕಿ ಮಿನುಗುವ ಎಲೆಕ್ಟ್ರಾನಿಕ್ ತಕ್ಕಡಿಗೆ ಬದಲಾಗುತ್ತಿದ್ದ ಕಾಲ. ಹೊಸ ತಕ್ಕಡಿಯನ್ನು ಪರೀಕ್ಷೆ ಮಾಡುವ ಕ್ರಮವನ್ನು ಅಪ್ಪ ನನಗೆ ಕಲಿಸಿದರು. ಮೊದಲು ತಟ್ಟೆ ಖಾಲಿ ಇದ್ದಾಗ ಸೊನ್ನೆ ತೋರಿಸುತ್ತಿದೆಯಾ ನೋಡು. ಆಮೇಲೆ ಗೊತ್ತಿರುವ ಕಲ್ಲನ್ನು ನಡುವಿನಲ್ಲಿಡು. ಅಲ್ಲಿಗೇ ನಂಬಬೇಡ. ಅದೇ ಕಲ್ಲನ್ನು ನಾಲ್ಕು ಮೂಲೆಗೂ ಒಂದೊಂದು ಸಲ ಇಟ್ಟು ನೋಡು. ನಾಲ್ಕೂ ಕಡೆ ಒಂದೇ ಲೆಕ್ಕ ಹೇಳಿದರೆ ತಕ್ಕಡಿ ಸರಿ. ಒಂದು ಮೂಲೆಯಲ್ಲಿ ಬೇರೆ ಹೇಳಿದರೂ ಒಳಗೆ ಏನೋ ತೊಂದರೆ ಇದೆ. ನಡುವೆ ಇಟ್ಟಾಗ ಎಲ್ಲವೂ ಸರಿಯಾಗೇ ಇರುತ್ತೆ ಕಣಮ್ಮ, ಮೂಲೆಗೆ ಹೋದಾಗಲೇ ಗೊತ್ತಾಗೋದು ಎನ್ನುತ್ತಿದ್ದರು. ತಕ್ಕಡಿ ಬಿಟ್ಟು ಬೇರೆ ಯಾವುದರ ಬಗ್ಗೆಯೂ ಅಪ್ಪ ಇಷ್ಟು ಮಾತಾಡಿದವರಲ್ಲ.

ಉಡುಗೊರೆಯ ಕಲ್ಲಿನ ಮೇಲಿನ ಕೋಪ ಒಂದು ತಿಂಗಳಲ್ಲಿ ಇಳಿಯಿತು. ಅದಾದ ಮೇಲೆ ನನ್ನ ಕಾಟ ಊರಿಗೆಲ್ಲ ಶುರುವಾಯಿತು. ಅಪ್ಪನ ಅಂಗಡಿಗೆ ನನ್ನ ಸ್ಕೂಲ್ ಬ್ಯಾಗನ್ನು ಹೊತ್ತುಕೊಂಡು ಹೋಗಿ ತೂಗಿ, ಸೋಮವಾರ ಬೆಳಿಗ್ಗೆ ಹೆಡ್‌ಮಿಸ್ ಎದುರು ನಿಂತು ಅದರ ತೂಕ ಹೇಳಿದೆ. ಚಿಕ್ಕಮ್ಮನ ಮನೆಗೆ ಹೋದಾಗ ಸಕ್ಕರೆ ಪೊಟ್ಟಣ ಕೈಯಲ್ಲಿ ಹಿಡಿದು, ಇದು ಕಮ್ಮಿ ಇದೆ ಎಂದು ತೀರ್ಪು ಕೊಟ್ಟೆ. ಕಲ್ಲು ಯಾವಾಗಲೂ ಬಟ್ಟೆಯಲ್ಲಿ ಸುತ್ತಿ ನನ್ನ ಕೈಚೀಲದಲ್ಲಿರುತ್ತಿತ್ತು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ, ನಾಲಿಗೆಯೂ ಉದ್ದ. ಅದರ ಮೇಲೆ ಈ ಅರ್ಧ ಕಿಲೋ ಅಧಿಕಾರ ಬೇರೆ ಸಿಕ್ಕಿತ್ತು. ಈಗ ನೆನೆಸಿಕೊಂಡರೆ ಆ ಹುಡುಗಿಯ ಕಿವಿ ಹಿಂಡಬೇಕು ಅನಿಸುತ್ತದೆ.

ಹಲಸೂರಿನಲ್ಲಿ ನಮ್ಮ ಬೀದಿ ಮುಗಿಯುವಲ್ಲಿ ತರಕಾರಿಯವರ ಒಂದು ಸಾಲಿತ್ತು. ಅದರ ಕೊನೆಯಲ್ಲಿ ಒಬ್ಬ ಮುದುಕಿ ಬೀನ್ಸು, ಕ್ಯಾರೆಟ್ಟು, ನಿಂಬೆಹಣ್ಣು, ಶುಂಠಿ, ಮೆಣಸಿನಕಾಯಿ ಇಟ್ಟುಕೊಂಡು ಕೂರುತ್ತಿದ್ದಳು. ತಮಿಳಿನವಳು, ಹಾಗಾಗಿ ಬೀದಿಯವರೆಲ್ಲ ಅವಳನ್ನು ಅಜ್ಜಿ ಅನ್ನುವ ಬದಲು ಪಾಟಿ ಎನ್ನುತ್ತಿದ್ದರು. ಅವಳ ಬಾಯಲ್ಲಿ ಅಪ್ಪ ತಂಬಿ, ನಾನು ಕಣ್ಣು. ಅಮ್ಮ ತೂಕ ಮುಗಿದ ಮೇಲೆ ತಪ್ಪದೆ ಕೊಸರು ಕೇಳುತ್ತಿದ್ದಳು, ಪಾಟಿ ತಪ್ಪದೆ ಗೊಣಗುತ್ತ ಎರಡು ಹಸಿಮೆಣಸಿನಕಾಯಿ ಚೀಲಕ್ಕೆ ಎಸೆಯುತ್ತಿದ್ದಳು. ಪಾಟಿಯ ತೂಗುತಕ್ಕಡಿ ಹೋಗಿ ಎಲೆಕ್ಟ್ರಾನಿಕ್ ತಕ್ಕಡಿ ಬಂದು ಒಂದು ವರ್ಷವಾಗಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರೂ ಅಪ್ಪನೇ.

ಒಂದು ಭಾನುವಾರ ಬೆಳಿಗ್ಗೆ ಅಮ್ಮನ ಜೊತೆ ಹೋಗಿದ್ದೆ. ಪಾಟಿಯ ಮುಂದೆ ಐದಾರು ಜನ ಗಿರಾಕಿಗಳು. ನಮ್ಮ ಸರದಿ ಬಂದಾಗ ಅಮ್ಮ ಬೀನ್ಸು ಆರಿಸುತ್ತಿದ್ದಳು, ತಟ್ಟೆ ಖಾಲಿ ಇತ್ತು. ನನಗೆ ಕೈ ತುರಿಸಿತು. ಕಲ್ಲನ್ನು ಹೊರತೆಗೆದು ತಟ್ಟೆಯ ಮೇಲಿಟ್ಟೆ. ನಡುವೆ ಐನೂರು. ಮೂರು ಮೂಲೆಯಲ್ಲೂ ಐನೂರು. ಪಾಟಿ ಕೂತಿದ್ದ ಕಡೆಯ ನಾಲ್ಕನೇ ಮೂಲೆಗೆ ಇಟ್ಟಾಗ ಕೆಂಪು ಅಂಕಿ ನಾನೂರ ಎಪ್ಪತ್ತಕ್ಕೆ ಬಂದು ನಿಂತಿತು. ತೆಗೆದು ಮತ್ತೆ ಇಟ್ಟೆ. ಅದೇ ನಾನೂರ ಎಪ್ಪತ್ತು. ಪಾಟಿ ತರಕಾರಿ ಸುರಿಯುತ್ತಿದ್ದುದೂ ಯಾವಾಗಲೂ ಆ ಮೂಲೆಗೇ. ನನಗೆ ಆದ ಸಂತೋಷವನ್ನು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

"ಪಾಟಿ ತಕ್ಕಡೀಲಿ ಮೋಸ ಇದೆ," ಎಂದು ಇಡೀ ಸಾಲಿಗೆ ಕೇಳುವ ಹಾಗೆ ಹೇಳಿದೆ. "ಅರ್ಧ ಕಿಲೋ ಇಟ್ರೆ ನಾನೂರ ಎಪ್ಪತ್ತು ತೋರಿಸ್ತಿದೆ. ಕಮ್ಮಿ."

ಕಮ್ಮಿ ಎನ್ನುವ ಒಂದು ಮಾತು ಸಾಕಾಯಿತು. ಅಂಕಿ ಯಾವ ಕಡೆಗೆ ಕಮ್ಮಿ ಎಂದು ಅಲ್ಲಿ ಯಾರೂ ಯೋಚಿಸಲಿಲ್ಲ, ನಾನಂತೂ ಇಲ್ಲವೇ ಇಲ್ಲ. ಒಬ್ಬರು ಚೀಲದಿಂದ ಕ್ಯಾರೆಟ್ಟನ್ನು ಹಾಗೇ ಬುಟ್ಟಿಗೆ ಸುರಿದು ಹೊರಟುಹೋದರು. ಇನ್ನೊಬ್ಬಾಕೆ, ಮೊನ್ನೆ ಮನೆಗೆ ಹೋದ ಮೇಲೆ ನನಗೂ ಅನುಮಾನ ಬಂದಿತ್ತು ಎಂದರು. ತಕ್ಕಡಿ ರಿಪೇರಿಯವರ ಮಗಳೇ ಹೇಳ್ತಿದ್ದಾಳಲ್ಲ ಎಂದು ಪಕ್ಕದ ಸೊಪ್ಪಿನವನು ಯಾರಿಗೋ ವಿವರಿಸುತ್ತಿದ್ದ. ಪಾಟಿ ಜಗಳಕ್ಕೆ ಬರಲಿಲ್ಲ. ತಟ್ಟೆಯನ್ನು ಅಂಗೈಯಲ್ಲಿ ಒತ್ತಿ ನೋಡಿದಳು, ನನ್ನ ಕಲ್ಲನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಅಮ್ಮ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೊರಟಳು. ಅವತ್ತು ಬೀನ್ಸೂ ಇಲ್ಲ, ಕೊಸರೂ ಇಲ್ಲ.

ಭಾನುವಾರವೂ ಅಪ್ಪ ಅಂಗಡಿ ತೆರೆಯುತ್ತಿದ್ದರು. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಾಗ ನಾನು ನಡೆದದ್ದನ್ನೆಲ್ಲ ಒದರಿದೆ. ಭೇಷ್ ಅನ್ನುತ್ತಾರೆ ಎಂದು ಕಾದೆ. ಅಪ್ಪ ಅನ್ನಕ್ಕೆ ಸಾರು ಕಲಸುತ್ತ, ಎಷ್ಟು ತೋರಿಸಿತು ಎಂದು ಮಾತ್ರ ಕೇಳಿದರು. ನಾನೂರ ಎಪ್ಪತ್ತು ಅಂದೆ.

"ಹಂಗಾದ್ರೆ ನಷ್ಟ ಯಾರಿಗೆ?"

"ನಮಗೆ. ಇನ್ಯಾರಿಗೆ?"

ಅಪ್ಪ ಇನ್ನೂ ಎರಡು ತುತ್ತು ತಿಂದರು. ಆಮೇಲೆ, ಕೈ ತೊಳೆದು ಚಪ್ಪಲಿ ಹಾಕ್ಕೋ, ಅಂಗಡಿಗೆ ಬಾ ಎಂದರು.

ಅಂಗಡಿಯಲ್ಲಿ ಎರಡು ತಕ್ಕಡಿಗಳನ್ನು ಅಕ್ಕಪಕ್ಕ ಇಟ್ಟರು. ಒಂದನ್ನು ನನ್ನ ಎದುರೇ ಕೆಡಿಸಿದರು, ತಟ್ಟೆಯ ಒಂದು ಮೂಲೆಯ ಕೆಳಗೆ ರಟ್ಟು ಮಡಿಚಿ ತುರುಕಿ. ಅಲ್ಲಿ ಕಲ್ಲಿಟ್ಟರೆ ಅದೂ ಪಾಟಿಯ ತಕ್ಕಡಿಯ ಹಾಗೆ ಕಮ್ಮಿ ತೋರಿಸಿತು. ಭಾರದಲ್ಲಿ ಒಂದು ಪಾಲನ್ನು ರಟ್ಟೇ ಹೊತ್ತುಕೊಂಡುಬಿಡುತ್ತದೆ, ತಕ್ಕಡಿಗೆ ಅದು ಗೊತ್ತಾಗುವುದಿಲ್ಲ. ಒಂದು ಡಬ್ಬ ಸ್ಕ್ರೂ ನನ್ನ ಮುಂದಿಟ್ಟು, ಈಗ ನೀನು ಪಾಟಿ, ಇದು ಬೀನ್ಸು, ನನಗೆ ಅರ್ಧ ಕಿಲೋ ಕೊಡು ಎಂದು ಹೇಳಿ, ತಮ್ಮ ಕೆಲಸಕ್ಕೆ ಬೆನ್ನು ತಿರುಗಿಸಿ ಕೂತರು. ನಾನು ಆ ಕೆಟ್ಟ ಮೂಲೆಗೆ ಸ್ಕ್ರೂ ಸುರಿಯತೊಡಗಿದೆ. ನಾನೂರು, ನಾನೂರ ಐವತ್ತು. ಐನೂರು ಬರಲಿಲ್ಲ, ಇನ್ನಷ್ಟು ಸುರಿದೆ. ಐನೂರು ಬಂದ ಮೇಲೆ ನಿಲ್ಲಿಸಿ, ಅಷ್ಟನ್ನೂ ಎತ್ತಿ ಪಕ್ಕದ ಒಳ್ಳೆಯ ತಕ್ಕಡಿಗೆ ಹಾಕಿದೆ.

ಅದು ಐನೂರ ಮೂವತ್ತು ಎಂದಿತು.

ತಕ್ಕಡಿ ಕಮ್ಮಿ ತೋರಿಸಿದರೆ ಮಾರುವವಳು ಇನ್ನೂ ಹಾಕುತ್ತಾಳೆ. ಹಾಕಿದ್ದು ಕೊಳ್ಳುವವನ ಚೀಲಕ್ಕೆ ಹೋಗುತ್ತದೆ. ಪ್ರತಿ ಸಲ, ಪ್ರತಿ ಗಿರಾಕಿಗೆ. ಎರಡು ಮೆಣಸಿನಕಾಯಿಗೆ ಅಮ್ಮ ಜಗ್ಗಾಡುತ್ತಿದ್ದಾಗ ನಮ್ಮ ಚೀಲದಲ್ಲಿ ಆಗಲೇ ಒಂದು ಹಿಡಿ ಬೀನ್ಸು ಹೆಚ್ಚಿಗೆ ಇರುತ್ತಿತ್ತು. "ಅಪ್ಪ, ಪಾಟಿ ನಮಗೆ ಜಾಸ್ತಿ ಕೊಡ್ತಿದ್ಳು," ಎಂದೆ. ಅಪ್ಪ ತಿರುಗದೆಯೇ ಹ್ಞೂಂ ಎಂದರು. ನಾನು ಅಳತೊಡಗಿದೆ. ಅವರು ಅದಕ್ಕೂ ಬಿಟ್ಟರು, ಪೂರ್ತಿ ಅಳಲಿ ಎಂದು. ಆಮೇಲೆ ನನ್ನ ಎದುರು ಸ್ಟೂಲ್ ಎಳೆದು ಕೂತರು. ಬಾಯಿ ತೆಗೆಯುವ ಮುಂಚೆ ನಷ್ಟ ಯಾರಿಗೆ ಅಂತ ಕೇಳಿಕೊಳ್ಳಬೇಕು, ಅದನ್ನು ನಿನಗೆ ಹೇಳಿಕೊಡುವುದು ಬಿಟ್ಟುಹೋಗಿತ್ತು ಎಂದರು. ಪಾಟಿಯ ಹತ್ತಿರ ಹೋಗಿ ಕಿವಿಯಲ್ಲಿ ಸಾರಿ ಹೇಳಿಬಿಡುತ್ತೇನೆ ಎಂದು ನಾನು ಬಿಕ್ಕುತ್ತ ಹೇಳಿದೆ.

"ಕಿವೀಲಿ ಅಲ್ಲ. ಬೆಳಿಗ್ಗೆ ಎಷ್ಟು ಜೋರಾಗಿ ಹೇಳಿದ್ಯೋ, ಅಷ್ಟೇ ಜೋರಾಗಿ. ಅದೇ ಜಾಗದಲ್ಲಿ."

ಅಂಗಡಿಗೆ ಬೇಗ ಬಾಗಿಲು ಹಾಕಿ, ರಿಪೇರಿ ಚೀಲ ತಗಲಿಸಿಕೊಂಡು ಅಪ್ಪ ನನ್ನನ್ನು ಕರೆದುಕೊಂಡು ಹೊರಟರು. ಹಲಸೂರಿಗೆ ಬಂದಾಗ ಇನ್ನೂ ಬಿಸಿಲಿತ್ತು, ಸಂಜೆಯ ವ್ಯಾಪಾರ ಶುರುವಾಗಿತ್ತು. ಸೊಪ್ಪಿನವನ ಮುಂದೆ ಗುಂಪು, ಟೊಮೆಟೊದವರ ಮುಂದೆ ಗುಂಪು. ಪಾಟಿಯ ಮುಂದೆ ಯಾರೂ ಇರಲಿಲ್ಲ. ಬೀನ್ಸಿನ ಮೇಲೆ ಒದ್ದೆ ಗೋಣಿ ಹೊದಿಸಿ, ಕೈಕಟ್ಟಿಕೊಂಡು ಕೂತಿದ್ದಳು. ಅದನ್ನು ನೋಡಿ ನಾನು ಅಲ್ಲೇ ನಿಂತುಬಿಟ್ಟೆ. ಅಪ್ಪ ತಳ್ಳಲಿಲ್ಲ, ಎಳೆಯಲೂ ಇಲ್ಲ. ನನ್ನ ಪಕ್ಕದಲ್ಲಿ ಅಷ್ಟೇ ಹೊತ್ತು ತಾವೂ ನಿಂತರು. ಕೊನೆಗೆ ನಾನೇ ನಡೆದೆ.

ನನ್ನ ಕಲ್ಲನ್ನು ತಟ್ಟೆಯ ಮೇಲಿಟ್ಟು ಕೂಗಿ ಹೇಳಿದೆ. ಬೆಳಿಗ್ಗೆ ನಾನು ಹೇಳಿದ್ದು ತಪ್ಪು, ಪಾಟಿಯ ತಕ್ಕಡಿ ಕಮ್ಮಿ ಕೊಡುತ್ತಿಲ್ಲ, ಜಾಸ್ತಿ ಕೊಡುತ್ತಿದೆ, ನಷ್ಟ ಆಗಿರುವುದು ಪಾಟಿಗೆ. ಸಾಲಿನ ಆ ತುದಿಯವರೆಗೆ ಕೇಳಿಸಿತು ಎಂದು ನನಗೆ ಗೊತ್ತಿತ್ತು, ಏಕೆಂದರೆ ಜನ ತಿರುಗಿ ನೋಡಿದರು. ಸೊಪ್ಪಿನವನು ಎದ್ದು ಬಂದ. ಸರಿ, ಹಾಗಾದರೆ ತಕ್ಕಡಿ ಕೆಟ್ಟಿದ್ದು ಹೇಗೆ ಎಂದು ಯಾರೋ ಕೇಳಿದರು. ಅಪ್ಪ ಕುಕ್ಕರುಗಾಲಲ್ಲಿ ಕೂತು ತಟ್ಟೆಯನ್ನು ಎತ್ತಿದರು.

ತಟ್ಟೆ ಕೂರಲು ಕೆಳಗೆ ನಾಲ್ಕು ಮೂಲೆಗೆ ನಾಲ್ಕು ರಬ್ಬರ್ ಗುಂಡಿಗಳಿರುತ್ತವೆ. ಮೂರಿದ್ದವು. ನಾಲ್ಕನೆಯದರ ಜಾಗದಲ್ಲಿ, ಊದುಬತ್ತಿ ಪೆಟ್ಟಿಗೆಯ ರಟ್ಟನ್ನು ನಾಲ್ಕು ಮಡಿಕೆ ಮಾಡಿ ತುರುಕಿದ್ದರು, ಅದರ ತುದಿ ಕೆಳಗೆ ತಕ್ಕಡಿಯ ಮೈಗೆ ತಾಗಿಕೊಂಡಿತ್ತು. ತಟ್ಟೆ ಅಲ್ಲಾಡುತ್ತಿತ್ತು ತಂಬಿ, ಅದಕ್ಕೇ ನಾನೇ ಇಟ್ಟೆ ಎಂದು ಪಾಟಿ ಮೆಲ್ಲಗೆ ಹೇಳಿದಳು. ಅಪ್ಪ ಆ ರಟ್ಟನ್ನು ಕೈಯಲ್ಲಿ ಹಿಡಿದುಕೊಂಡು ಕೂತೇ ಇದ್ದರು. ಅವರ ಕಿವಿ ಕೆಂಪಾಗುತ್ತಿರುವುದನ್ನು ನಾನು ಮೇಲಿನಿಂದ ನೋಡುತ್ತಿದ್ದೆ. ಅವರ ಚೀಲದಲ್ಲಿ ರಬ್ಬರ್ ಗುಂಡಿಗಳ ಒಂದು ಪೊಟ್ಟಣವೇ ಇತ್ತು. ಒಂದನ್ನು ತೆಗೆದು ಒತ್ತಿ, ತಟ್ಟೆ ಮುಚ್ಚಿದ್ದರೆ ಅರ್ಧ ನಿಮಿಷದ ಕೆಲಸ. ಅವರು ಹಾಗೆ ಮಾಡದೆ ಎದ್ದು ನಿಂತರು.

"ತಪ್ಪು ನನ್ನದು," ಎಂದರು. ಆ ದನಿ ಅಪ್ಪನದು ಎಂದು ಒಂದು ಕ್ಷಣ ನನಗೆ ನಂಬಿಕೆಯೇ ಬರಲಿಲ್ಲ. ಅಷ್ಟು ಜೋರು. "ರಬ್ಬರ್ ಬಿದ್ದೋಗಿದ್ದು ನಾನು ಹೋದ ಸಲನೇ ನೋಡಿದ್ದೆ. ಮುಂದಿನ ವಾರ ತಂದು ಹಾಕ್ತೀನಿ ಅಂದೆ, ಮರ್ತೆ. ಆರು ತಿಂಗಳಾಯ್ತು. ಈಯಮ್ಮನ ಕಡೆಯಿಂದ ಏನೂ ಮೋಸ ಇಲ್ಲ."

ಪಾಟಿ ತಲೆಯೆತ್ತಿ ಅಪ್ಪನನ್ನು ನೋಡಿದಳು. ಅವಳಿಗೆ ಆ ಮಾತು ನೆನಪಿತ್ತು. ಬೆಳಿಗ್ಗೆ ನಾನು ಕೂಗಿದಾಗಲೂ ನೆನಪಿತ್ತು, ಆದರೂ ರಿಪೇರಿಯವನದೇ ತಪ್ಪು ಎಂದು ಅವಳು ಹೇಳಲಿಲ್ಲ. ಮೊದಲು ಮಾತಾಡಿದವನು ಸೊಪ್ಪಿನವನೇ. ಹಾಗಾದರೆ ಆರು ತಿಂಗಳಿಂದ ಜಾಸ್ತಿ ತಿಂದವರೆಲ್ಲ ಇವತ್ತು ಪಾಟಿ ಹತ್ತಿರವೇ ತಗೊಳ್ಳಿ ಎಂದು ನಗುತ್ತ ಗೋಣಿ ಸರಿಸಿದ. ಜನ ನಕ್ಕರು. ಬೆಳಿಗ್ಗೆ ಅನುಮಾನ ಹೇಳಿದ್ದ ಆ ಹೆಂಗಸೂ ಅಲ್ಲೇ ಇದ್ದರು, ಮೊದಲ ಬೀನ್ಸು ಅವರೇ ಕೊಂಡರು. ಅಪ್ಪ ರಬ್ಬರ್ ಹಾಕಿ, ನಾಲ್ಕೂ ಮೂಲೆಗೆ ನನ್ನಿಂದಲೇ ಕಲ್ಲಿಡಿಸಿದರು. ನಾಲ್ಕೂ ಕಡೆ ಐನೂರು. ಹೊರಡುವಾಗ ಪಾಟಿ ನನ್ನ ಕೆನ್ನೆ ಹಿಂಡಿದಳು, ಸ್ವಲ್ಪ ನೋಯುವ ಹಾಗೆಯೇ. "ಹೋಗ್ಲಿ ಬಿಡು ಕಣ್ಣು. ತಿಂದಿರೋದು ನಮ್ಮ ಬೀದಿಯೋರೇ ತಾನೆ," ಎಂದಳು.

ಮನೆಗೆ ನಡೆದುಕೊಂಡು ಬರುವಾಗ ನಾನು ಅಪ್ಪನನ್ನು ಕೇಳಿದೆ. ಸುಮ್ಮನೆ ರಬ್ಬರ್ ಹಾಕಿ ಮುಚ್ಚಿಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ ಅಲ್ಲವಾ? ಅಪ್ಪನ ದನಿ ಮತ್ತೆ ಹಳೆಯ ಮೆಲುದನಿಗೆ ಇಳಿದಿತ್ತು. ಕೇಳಿಸಿಕೊಳ್ಳಲು ನಾನು ಹತ್ತಿರ ಹೋಗಬೇಕಾಯಿತು.

"ನೀನು ಪಕ್ಕದಲ್ಲಿ ಇರ್ಲಿಲ್ಲ ಅಂದ್ರೆ ಹಂಗೇ ಮಾಡ್ತಿದ್ನೇನೋ," ಎಂದರು.

ಮುಂದೆ ಎಷ್ಟೋ ಭಾನುವಾರ ನಾನು ಪಾಟಿಯ ಪಕ್ಕ ಕೂತು ತೂಕ ಮಾಡಿದೆ. ಮೊದಲೆರಡು ವಾರ ಬೆಳಗಿನ ಗಿರಾಕಿಗಳಿಗೆ ವಿಷಯ ಹೇಳಲು ಅಪ್ಪ ಕಳಿಸಿದರು. ಆಮೇಲೆ ನನಗೇ ಅಲ್ಲಿ ಇಷ್ಟವಾಗಿಬಿಟ್ಟಿತು. ಪಾಟಿ ನಿಂಬೆಹಣ್ಣು ಆರಿಸುವುದನ್ನು ಹೇಳಿಕೊಟ್ಟಳು, ತಮಿಳಿನಲ್ಲಿ ಜಗಳವಾಡುವುದನ್ನೂ ಹೇಳಿಕೊಟ್ಟಳು. ಅಮ್ಮ ಕೊಸರು ಕೇಳುವುದನ್ನು ನಿಲ್ಲಿಸಿದ್ದಳು. ಪಾಟಿ ಕೇಳದೆಯೇ ಹಾಕುತ್ತಿದ್ದಳು, ಗೊಣಗುವುದನ್ನು ಮಾತ್ರ ಬಿಡಲಿಲ್ಲ.

ಈಗ ನಾನಿರುವುದು ಕೆ.ಆರ್. ಪುರದಲ್ಲಿ, ಮೂರನೇ ಮಹಡಿಯ ಮನೆ. ಅಪ್ಪ ಅಂಗಡಿ ಬೇರೆಯವರಿಗೆ ಬಿಟ್ಟುಕೊಟ್ಟು, ಅಮ್ಮನ ಜೊತೆ ನಮ್ಮಲ್ಲೇ ಇದ್ದಾರೆ. ಮಗಳಿಗೆ ಆರು ವರ್ಷ. ಹಿತ್ತಾಳೆ ಕಲ್ಲು ನಡುಮನೆಯ ಶೆಲ್ಫಿನಲ್ಲಿ ಅದೇ ಹಳದಿ ಬಟ್ಟೆಯಲ್ಲಿದೆ. ಅವಳು ಅದನ್ನು ಬರಿಗೈಯಲ್ಲಿ ಮುಟ್ಟಿದರೆ ಅಪ್ಪ ಈಗಲೂ ಎದ್ದು ಬರುತ್ತಾರೆ.

ಹೋದ ತಿಂಗಳು ಒಂದು ಸಂಜೆ ಕೆಳಗೆ ಮಕ್ಕಳೆಲ್ಲ ಆಡುತ್ತಿದ್ದರು. ದೊಡ್ಡವರು ಬೆಂಚಿನ ಮೇಲೆ ಕೂತು ಹರಟೆ ಹೊಡೆಯುತ್ತಿದ್ದರು, ಅಪ್ಪನೂ ಅಲ್ಲೇ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ. ಮೆಟ್ಟಿಲ ಪಕ್ಕದ ಗೋಡೆಯ ಮೇಲಿದ್ದ ನನ್ನ ದಾಸವಾಳದ ಕುಂಡ ಬಿದ್ದು ಚೂರಾಯಿತು. ಪಕ್ಕದಲ್ಲಿ ನಿಂತಿದ್ದವಳು ನನ್ನ ಮಗಳು. ಎಷ್ಟು ಸಲ ಹೇಳಿದ್ದೀನಿ ನಿಂಗೆ ಎಂದು ಶುರುಮಾಡಿದ ನಾನು ನಿಲ್ಲಿಸಲೇ ಇಲ್ಲ. ಮೂಗಿನ ತುದಿಯ ಕೋಪ ಎಲ್ಲಿಗೂ ಹೋಗಿಲ್ಲ. ಅವಳು ಮುಟ್ಟಲಿಲ್ಲ ಎಂದು ಹೇಳಲು ಬಾಯಿ ತೆರೆದಳು, ನಾನು ಬಿಡಲಿಲ್ಲ. ಅವಳ ಗೆಳತಿಯರೆಲ್ಲ ಆಟ ನಿಲ್ಲಿಸಿ ನೋಡುತ್ತಿದ್ದರು. ಅವಳು ಅಳುತ್ತ ಹೋಗಿ ಅಪ್ಪನ ಕುರ್ಚಿಯ ಹಿಂದೆ ನಿಂತಳು.

ಚೂರು ಆರಿಸಲು ಬಗ್ಗಿದಾಗ ಗೋಡೆಯ ಅಂಚಿನ ಇಟ್ಟಿಗೆ ಕಾಣಿಸಿತು. ಅದು ಸಡಿಲವಾಗಿತ್ತು. ಬೆಳಿಗ್ಗೆ ನೀರು ಹಾಕಿ ಕುಂಡವನ್ನು ಬಿಸಿಲಿಗೆಂದು ಆ ಅಂಚಿಗೆ ಸರಿಸಿದವಳು ನಾನೇ. ಆಗಲೇ ಅದು ಅಲ್ಲಾಡಿತ್ತು, ಆಮೇಲೆ ಸರಿಮಾಡಿದರಾಯಿತು ಎಂದುಕೊಂಡಿದ್ದೆ. ಅದು ಯಾರಿಗೂ ಗೊತ್ತಿರಲಿಲ್ಲ. ಮನೆಗೆ ಹೋದ ಮೇಲೆ ಮಗಳನ್ನು ತಬ್ಬಿಕೊಂಡು, ಅವಳಿಗೊಬ್ಬಳಿಗೇ ಹೇಳಿದರೆ ಸಾಕು ಎಂದು ನನ್ನ ಮನಸ್ಸು ಲೆಕ್ಕ ಹಾಕಿಯೂ ಆಗಿತ್ತು. ತಲೆಯೆತ್ತಿ ನೋಡಿದೆ. ಅಪ್ಪನ ಕುರ್ಚಿಯ ಹಿಂದಿನಿಂದ ಎರಡು ಒದ್ದೆ ಕಣ್ಣು ನನ್ನನ್ನೇ ನೋಡುತ್ತಿದ್ದವು.

ಮಣ್ಣಿನ ಕೈಯಲ್ಲೇ ಎದ್ದು ನಿಂತೆ. ಕುಂಡ ಬಿದ್ದದ್ದು ನನ್ನಿಂದ, ಅಂಚಿಗೆ ಇಟ್ಟವಳು ನಾನು, ನನ್ನ ಮಗಳು ಅದನ್ನು ಮುಟ್ಟಿಯೂ ಇರಲಿಲ್ಲ, ವಿಚಾರಿಸದೆ ಬೈದೆ ಎಂದು ಬೆಂಚಿನವರಿಗೂ ಮಕ್ಕಳಿಗೂ ಕೇಳುವ ಹಾಗೆ ಹೇಳಿದೆ. ಮಗಳು ಓಡಿ ಬಂದು ನನ್ನ ದುಪಟ್ಟಾ ಜಗ್ಗಿದಳು. ಅವಳ ಮುಖ ನಾಚಿಕೆಯಿಂದ ಕೆಂಪಾಗಿತ್ತು, ಆದರೆ ನಗುತ್ತಿದ್ದಳು.

"ಸಾಕಮ್ಮ, ಮೆಲ್ಲಗೆ ಹೇಳು. ಎಲ್ರೂ ನೋಡ್ತಿದ್ದಾರೆ."

ಅಪ್ಪ ಕುರ್ಚಿಯಿಂದಲೇ, ತಮ್ಮ ಆ ಮೆಲುದನಿಯಲ್ಲಿ ಅವಳಿಗೆ ಹೇಳಿದರು.

"ಬಿಡು ಮರಿ, ಜೋರಾಗೇ ಹೇಳ್ಲಿ. ಬೈದಿದ್ದೂ ಜೋರಾಗೇ ತಾನೆ."